ಪದವಿಗೆ ಬೇಕಾಗಿದ್ದ ಒಂದು ಮಣ್ಣು

ಒಂದು ಸಾವಿಗಾಗಿ ನಾನು ಹನ್ನೊಂದು ತಿಂಗಳು ಕಾದಿದ್ದೇನೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ.

ಕ್ರೈಸ್ತ ಸಭಾಸೇವೆಯ ಪದವಿಯನ್ನು ನಾನು ಮನೆಯಲ್ಲಿ ಕೂತು ಅಂಚೆಯ ಮೂಲಕ ಓದಿದವಳು. ಸೇರಿದಾಗ ನನಗೆ ನಲವತ್ತೇಳು ತುಂಬಿತ್ತು. ರೋಣದಲ್ಲಿ ಅಂಗನವಾಡಿ ನಡೆಸುತ್ತೇನೆ, ಹಾಗಾಗಿ ಎಲ್ಲರಿಗೂ ನಾನು ‘ಬಾಯಾರು’. ನಮ್ಮ ಮನೆಯವರದು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ. ನಮ್ಮ ಸಭೆ ಕೂಡುವುದು ಗಜೇಂದ್ರಗಡದಲ್ಲಿ, ಗುಡ್ಡದ ಕೆಳಗಿನ ಓಣಿಯ ಒಂದು ತಗಡಿನ ಪ್ರಾರ್ಥನಾ ಮನೆಯಲ್ಲಿ. ಒಟ್ಟು ಹದಿನಾಲ್ಕು ಮನೆ. ಮುಶಿಗೇರಿ ಕಡೆಯವರು ಟಂಟಂ ಹಿಡಿದು ಬರುತ್ತಾರೆ, ನಾವಿಬ್ಬರು ರೋಣದಿಂದ ಬಸ್ಸಿಗೆ ಹೋಗುತ್ತೇವೆ. ಪಾಸ್ಟರಿಗೆ ಏಳು ಊರಿನ ಜವಾಬ್ದಾರಿ. ನಮ್ಮ ಪಾಲಿಗೆ ಅವರು ಸಿಗುವುದು ತಿಂಗಳ ಎರಡನೇ ಭಾನುವಾರ ಮಾತ್ರ. ಉಳಿದ ಭಾನುವಾರಗಳಲ್ಲಿ ವಾಕ್ಯ ಓದುವುದು, ನಾಲ್ಕು ಮಾತು ಹೇಳುವುದು, ಪ್ರಾರ್ಥನೆ ನಡೆಸುವುದು ಎಲ್ಲ ಹೇಗೋ ನನ್ನ ಕೊರಳಿಗೆ ಬಿದ್ದಿತ್ತು. ಯಾರೂ ಹೇಳಿ ಮಾಡಿಸಿದ್ದಲ್ಲ. ದೊಡ್ಡ ದನಿಯಿದ್ದವಳು ನಾನೊಬ್ಬಳೇ ಇದ್ದೆ.

ಒಂದು ಭಾನುವಾರ ಯಾರದೋ ಮನೆಯ ಬೀಗರು ಆರಾಧನೆಗೆ ಬಂದಿದ್ದರು. ನಾನು ಮುಂದೆ ಎದ್ದು ನಿಂತ ಕೂಡಲೇ ಆ ಮನುಷ್ಯ ಪಕ್ಕದವರನ್ನು ಕೇಳಿದ, “ಈ ಹೆಣ್ಮಗಳಿಗೆ ಇಲ್ಲಿ ನಿಂದ್ರಾಕ ಯಾರ ಹೇಳ್ಯಾರ?” ಮೆಲ್ಲಗೆ ಕೇಳಿದೆನೆಂದು ಅವನು ತಿಳಿದಿರಬೇಕು, ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ದಿನ ಏನು ಓದಿದೆ, ಏನು ಮಾತಾಡಿದೆ ಒಂದೂ ನೆನಪಿಲ್ಲ. ಮರುವಾರವೇ ಅರ್ಜಿ ತರಿಸಿದೆ. ಭಕ್ತಿ ನನ್ನನ್ನು ಓದಲು ಹಚ್ಚಿತು ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹಚ್ಚಿದ್ದು ಸಿಟ್ಟು.

ಪುಸ್ತಕಗಳು ಪಾರ್ಸಲ್ಲಿನಲ್ಲಿ ಬರುತ್ತಿದ್ದವು. ಅವುಗಳ ಕನ್ನಡ ಎಂಥ ಕನ್ನಡವೆಂದರೆ, ಒಂದು ಸಾಲು ಮುಗಿಯುವ ಹೊತ್ತಿಗೆ ಅದರ ತಲೆ ಎಲ್ಲಿತ್ತೆಂದು ಹಿಂದೆ ಹೋಗಿ ಹುಡುಕಬೇಕು. ಮಧ್ಯಾಹ್ನ ಅಂಗನವಾಡಿಯ ಮಕ್ಕಳು ಸಾಲಾಗಿ ಮಲಗಿದ ಮೇಲೆ ನಾನು ಪಾಠ ತೆಗೆಯುತ್ತಿದ್ದೆ. ಮನೆಯವರು ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಲೇ ನನ್ನನ್ನು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಸರಿಯೋ ತಪ್ಪೋ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ತಡವರಿಸದಿದ್ದರೆ ಸರಿ ಎಂದು ತಿಳಿದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ತಿಂಗಳಿಗೊಂದು ಶನಿವಾರ ನರಗುಂದದಲ್ಲಿ ಸಂಪರ್ಕ ತರಗತಿ. ಅಲ್ಲಿ ಇದ್ದವರು ಆರು ಜನ. ನಾನೊಬ್ಬಳೇ ಹೆಂಗಸು, ಊಟದ ಡಬ್ಬಿ ದೊಡ್ಡದಿದ್ದದ್ದೂ ನನ್ನದೊಂದೇ. ಹಾಗಾಗಿ ಗೌರವಕ್ಕೇನೂ ಕಡಿಮೆ ಇರಲಿಲ್ಲ.

ಪರೀಕ್ಷೆಗಳು ಮುಗಿದವು. ಉಳಿದದ್ದು ‘ಪ್ರಾಯೋಗಿಕ ಪುಸ್ತಕ’. ಸಭೆಯಲ್ಲಿ ಮಾಡಿದ ಸೇವೆಯನ್ನೆಲ್ಲ ಅದರಲ್ಲಿ ಬರೆದು ಪಾಸ್ಟರ ಸಹಿ ಹಾಕಿಸಿ ಕಳಿಸಬೇಕು. ಪ್ರಸಂಗ, ಮನೆ ಭೇಟಿ, ರೋಗಿಗಳ ಭೇಟಿ ಎಲ್ಲವೂ ಬೇಗ ತುಂಬಿದವು. ಒಂದು ದೀಕ್ಷಾಸ್ನಾನದಲ್ಲಿ ಸಹಾಯ ಮಾಡಿದೆ. ಬೆಳವಣಕಿಯ ಒಂದು ಮದುವೆಯಲ್ಲಿ ಆಶೀರ್ವಾದದ ಪ್ರಾರ್ಥನೆ ಮಾಡಿದೆ. ಕೊನೆಯ ಪುಟ ಮಾತ್ರ ಖಾಲಿ ಉಳಿಯಿತು. ಅದು ಶವಸಂಸ್ಕಾರದ ಪುಟ, ನಮ್ಮ ಕಡೆ ಮಣ್ಣು ಎನ್ನುತ್ತಾರೆ. ಒಂದು ಮಣ್ಣಿನ ಆರಾಧನೆಯನ್ನು ನಾನೇ ನಡೆಸಬೇಕಿತ್ತು. ನಮ್ಮ ಹದಿನಾಲ್ಕು ಮನೆಗಳಲ್ಲಿ ಮೂರು ವರ್ಷದಿಂದ ಯಾರೂ ತೀರಿಕೊಂಡಿರಲಿಲ್ಲ. ಅದಕ್ಕಾಗಿ ಪ್ರತಿ ಭಾನುವಾರ ದೇವರಿಗೆ ಸ್ತೋತ್ರ ಹೇಳುತ್ತಿದ್ದವಳೂ ನಾನೇ.

ಈ ಸಂಕಟವನ್ನು ನಾನು ಹೇಳಿಕೊಂಡದ್ದು ಆಯಿಯ ಹತ್ತಿರ. ಆಯಿ ನಮ್ಮ ಸಭೆಯಲ್ಲೇ ಹಿರಿಯಳು, ಎಂಬತ್ತು ದಾಟಿದವಳು. ನಮಗೆ ರಕ್ತಸಂಬಂಧವಿಲ್ಲ, ಆದರೆ ಎಲ್ಲರಿಗೂ ಅವಳು ಆಯಿಯೇ. ಗಜೇಂದ್ರಗಡದಲ್ಲಿ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಇದ್ದಾಳೆ. ಮಗ್ಗದವರಿಗೆ ಸೀರೆಯ ನೂಲನ್ನು ಕಂಡಿಕೆಗೆ, ಅಂದರೆ ಮಗ್ಗದ ಸಣ್ಣ ಉರುಳೆಗೆ, ಸುತ್ತಿ ಕೊಡುವುದು ಅವಳ ಕೆಲಸ. ಮಗ ಬೇಡವೆಂದರೂ ಬಿಟ್ಟಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಬಸ್ಸಿಗೆ ಹೊತ್ತಿದ್ದರೆ ನಾನು ಅವಳ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ಹನ್ನೆರಡು ವರ್ಷದ ರೂಢಿ ಅದು. ಅವಳಿಗೆ ಓದಲು ಬರುವುದಿಲ್ಲ. ಆದರೆ ನಾನು ಯಾವ ಪಾಠ ಓದಿದೆ, ಎಷ್ಟು ಅಂಕ ಬಂತು ಎಲ್ಲ ಅವಳಿಗೆ ವರದಿಯಾಗಬೇಕು.

“ಯಾಕ ಬೇ, ಮಾರಿ ಸಣ್ಣದು ಮಾಡೀದಿ?” ಎಂದಳು ಒಂದು ದಿನ. “ಯಾರೂ ಸಾಯವಲ್ರು ಅಂತ ಚಿಂತಿ ಹತ್ತೇತೇನು?”

“ಹಂಗ ಅನಬ್ಯಾಡ ಆಯಿ. ಪಾಪ ಬರತೈತಿ.”

“ನಂದು ಇಟ್ಟಕೋ. ನನ್ನ ಮಣ್ಣು ನೀನ ಮಾಡಬೇಕು ನೋಡು. ಪಾಸ್ಟರು ಗಡಿಬಿಡಿ ಮಾಡತಾರ, ಅವರಿಗೆ ಬಸ್ಸಿನ ಚಿಂತಿ. ಖರೇ, ಈಗ ಆಗೂದಿಲ್ಲ. ದೀಪಾವಳಿ ಸೀರಿ ನೂಲು ಬಂದು ಬಿದ್ದಾವ.”

ನಾವಿಬ್ಬರೂ ನಕ್ಕೆವು. ಆ ಮೇಲೆ ಅದು ನಮ್ಮಿಬ್ಬರ ನಡುವಿನ ತಮಾಷೆಯೇ ಆಯಿತು. ನಾನು ಹೋದಾಗಲೆಲ್ಲ, “ಇವತ್ತೂ ಆಗಲಿಲ್ಲ ನೋಡವಾ, ಮುಂದಿನ ವಾರ ಬಂದು ಹೋಗು” ಎನ್ನುತ್ತಿದ್ದಳು.

ದೀಪಾವಳಿಯ ನೂಲು ಮುಗಿದು ಹದಿನೈದು ದಿನವಾಗಿರಬೇಕು, ಆಯಿಗೆ ಜ್ವರ ಬಂತು. ಎರಡೇ ದಿನದಲ್ಲಿ ಎದೆಗೆ ಇಳಿಯಿತು. ಗದಗಿನ ದವಾಖಾನೆಗೆ ಸೇರಿಸಿದರು. ನಾನು ಹೋದಾಗ ಅವಳಿಗೆ ಗುರುತು ಹತ್ತಲಿಲ್ಲ. ಆ ಕೈ ಹಿಡಿದುಕೊಂಡು ಪ್ರಾರ್ಥನೆ ಮಾಡಿದೆ, ಕೈ ಬರೀ ಮೂಳೆ. ಡಾಕ್ಟರು ಮಗನನ್ನು ಹೊರಗೆ ಕರೆದು, ಬೇಕಾದವರಿಗೆಲ್ಲ ತಿಳಿಸಿಬಿಡಿ ಎಂದರಂತೆ. ಬಸ್ಸಿನಲ್ಲಿ ರೋಣದವರೆಗೂ ಅತ್ತುಕೊಂಡು ಬಂದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅಂಗನವಾಡಿಯಲ್ಲಿ ನಮಗೊಂದು ಅಭ್ಯಾಸವಿರುತ್ತದೆ. ದಾಖಲೆ ಪುಸ್ತಕಗಳು ಒಂದೆರಡಲ್ಲ, ತಪಾಸಣೆಗೆ ಯಾರು ಯಾವಾಗ ಬರುತ್ತಾರೋ ಗೊತ್ತಿರುವುದಿಲ್ಲ. ಹಾಗಾಗಿ ನಾನು ಮೊದಲು ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದು ಇಡುತ್ತೇನೆ. ಮಗುವಿನ ಹೆಸರು, ವಯಸ್ಸು, ಹೋದ ತಿಂಗಳ ತೂಕ. ತಕ್ಕಡಿಯಲ್ಲಿ ಕೂರಿಸಿದ ಮೇಲೆ ತಿದ್ದಿ, ಮೇಲೆ ಪೆನ್ನು ಎಳೆಯುತ್ತೇನೆ. ಇಪ್ಪತ್ತು ವರ್ಷದಿಂದ ಕೈಗೆ ಅದೇ ರೂಢಿ. ಪ್ರಾಯೋಗಿಕ ಪುಸ್ತಕ ಕಳಿಸಲು ಕೊನೆಯ ತಾರೀಖು ಹತ್ತಿರ ಬಂದಿತ್ತು. ಮರುದಿನ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ನಾನು ಆ ಪುಸ್ತಕ ತೆಗೆದು ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಆಯಿಯ ಹೆಸರು ಬರೆದೆ. ವಯಸ್ಸು ಬರೆದೆ. ಪ್ರಸಂಗದ ಸಾರಾಂಶವನ್ನೂ ಬರೆದೆ. ತಾರೀಖಿನ ಜಾಗ ಮಾತ್ರ ಬಿಟ್ಟೆ. ಬರೆಯುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ಕೈ ನಿಲ್ಲಲಿಲ್ಲ, ಬರೆದದ್ದು ಬರೆದದ್ದೇ.

ಮೂರನೆಯ ದಿನ ಆಯಿ ಕಣ್ಣು ಬಿಟ್ಟು ಮಜ್ಜಿಗೆ ಕೇಳಿದಳು. ಮೂರನೆಯ ದಿನ ಎನ್ನುವುದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಸೊಸೆಯನ್ನು ಕೇಳಿ ನೋಡಬಹುದು. ವಾರದಲ್ಲಿ ಮನೆಗೆ ಬಂದಳು. ಆ ಖುಷಿಯಲ್ಲಿ ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಪೆನ್ಸಿಲ್ಲಿನ ಪುಟ ನೆನಪಿಗೇ ಬರಲಿಲ್ಲ.

ಎರಡನೇ ಭಾನುವಾರ ಪಾಸ್ಟರು ಬಂದರು. ಆರಾಧನೆ ಮುಗಿದ ಮೇಲೆ, “ಕೊಡ್ರಿ ನಿಮ್ಮ ಪುಸ್ತಕ, ಸಹಿ ಮಾಡಿಬಿಡತೀನಿ” ಎಂದರು. ಯಾರೂ ಇನ್ನೂ ಎದ್ದಿರಲಿಲ್ಲ, ಚಹಾ ಬರುವುದಿತ್ತು. ಕಾಯಿಲೆಯಿಂದ ಎದ್ದ ಆಯಿ ಮೊದಲ ಸಲ ಬಂದು ಮುಂದಿನ ಜಮಖಾನೆಯ ಮೇಲೆ ಕೂತಿದ್ದಳು. ಪಾಸ್ಟರಿಗೆ ಏನನ್ನೇ ಆಗಲಿ ಗಟ್ಟಿಯಾಗಿ ಓದುವ ಅಭ್ಯಾಸ. ಒಂದೊಂದೇ ಪುಟ ಓದುತ್ತ, ಸಹಿ ಹಾಕುತ್ತ ಹೋದರು. ಜನ ಹೆಮ್ಮೆಯಿಂದ ಕೇಳುತ್ತಿದ್ದರು, ನಾನೂ ಸ್ವಲ್ಪ ಉಬ್ಬಿದ್ದೆ. ಅವರು ಕೊನೆಯ ಪುಟ ತಿರುವಿದಾಗ ನನಗೆ ನೆನಪಾಯಿತು. ಬಾಯಿ ತೆರೆಯುವಷ್ಟರಲ್ಲಿ, “ಮೃತರ ಹೆಸರು” ಎಂದು ಆಯಿಯ ಹೆಸರನ್ನು ಓದಿಬಿಟ್ಟಿದ್ದರು. ಓದಿದ್ದೇನೆಂದು ಅವರಿಗೆ ತಿಳಿಯುವ ಹೊತ್ತಿಗೆ ಸಾರಾಂಶದ ಎರಡು ಸಾಲೂ ಮುಗಿದಿದ್ದವು.

ಆಯಿಯ ಮಗ ಎದ್ದು ನಿಂತರು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

“ಬಾಯಾರ, ದವಾಖಾನಿಗೆ ಬಂದು ನಮ್ಮವ್ವನ ಕೈ ಹಿಡಕೊಂಡು ಪ್ರಾರ್ಥನಿ ಮಾಡಿದ್ರಿ. ಮನಿಗೆ ಹೋಗಿ ಇದನ್ನ ಬರದ್ರ್ಯಾ? ಆಕಿ ಯಾವಾಗ ಹೋಗತಾಳಂತ ದಾರಿ ಕಾಯಾಕತ್ತಿದ್ರೇನು?”

ಅವರು ತಾಯಿಯ ರಟ್ಟೆ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು. ಆಯಿ ನನ್ನ ಕಡೆ ನೋಡಲಿಲ್ಲ. ಅವಳು ಬೈದಿದ್ದರೂ, ನಾಲ್ಕು ಜನರ ಮುಂದೆ ಕಪಾಳಕ್ಕೆ ಬಾರಿಸಿದ್ದರೂ ತಡೆದುಕೊಳ್ಳುತ್ತಿದ್ದೆ. ನೋಡದೆ ಹೋದದ್ದು ತಡೆಯಲಾಗಲಿಲ್ಲ.

ಮುಂದಿನ ಎರಡು ಭಾನುವಾರ ಅವರ ಮನೆಯವರು ಯಾರೂ ಬರಲಿಲ್ಲ. ನಾನು ವಾಕ್ಯ ಓದುವಾಗ ಜಮಖಾನೆಯ ಮೇಲಿನ ಆ ಜಾಗ ಖಾಲಿ ಇರುತ್ತಿತ್ತು. ಪುಸ್ತಕ ಪಾಸ್ಟರ ಹತ್ತಿರವೇ ಉಳಿದಿತ್ತು, ನಾನು ಕೇಳಲಿಲ್ಲ. ಇನ್ನು ಈ ಪದವಿಯೇ ಬೇಡ ಎಂದು ಮನೆಯವರಿಗೆ ಹೇಳಿದೆ.

“ಪದವಿ ಬಿಡು, ಹಿಡಿ, ಅದು ಆಮ್ಯಾಲಿನ ಮಾತು. ಮದಲ ಆಯಿ ಕಡೆ ಹೋಗು” ಎಂದರು ಅವರು. “ಹದಿನೈದು ದಿನದಿಂದ ಹಾದಿ ತಪ್ಪಿಸಿ ತಿರಗಾಕತ್ತೀದಿ. ಹಿಂಗ ಎಷ್ಟ ದಿನ?”

ಒಂದು ಗುರುವಾರ ರಜೆ ಹಾಕಿ ಹೋದೆ. ಆಯಿ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಮಗ ಮನೆಯಲ್ಲಿರಲಿಲ್ಲ. ನಾನು ಕೆಳಗೇ ನಿಂತೆ.

“ಮ್ಯಾಲ ಬಾ. ಬಿಸಲಾಗ ಯಾಕ ನಿಂತಿ?” ಎಂದಳು.

ಕೂತೆ. ತಪ್ಪಾಯಿತು ಆಯಿ ಎಂದೆ. ಅಷ್ಟಕ್ಕೇ ಅಳು ಬಂತು. ಅವಳು ರಾಟಿ ತಿರುಗಿಸುತ್ತಲೇ ಇದ್ದಳು.

“ಸಾಯೂದು ಬರದಿದ್ದಕ್ಕ ನನಗ ಸಿಟ್ಟಿಲ್ಲ. ನಾನ ಇಟ್ಟಕೋ ಅಂದಿದ್ನಿ. ಪಾಸ್ಟರು ಕಡೀಕ ಏನೋ ಓದಿದ್ರಲ್ಲ, ಅದನ್ನ ಕೇಳಿ ಸಿಟ್ಟು ಬಂತು.”

“ಏನು ಆಯಿ?”

“ಶಾಂತ ಸ್ವಭಾವದಾಕಿ, ಎಲ್ಲಾರ ಕೂಡ ಹೊಂದಿಕೊಂಡು ಬಾಳಿದಾಕಿ ಅಂತ. ಯಾರು? ನಾ?”

ಒಳಗೆ ಸೊಸೆ ಫಕ್ಕನೆ ನಕ್ಕದ್ದು ಕೇಳಿಸಿತು.

“ಹನ್ನೆರಡ ವರ್ಷ ಈ ಕಟ್ಟಿ ಮ್ಯಾಲ ಕುಂತು ನನ್ನ ಮನಿ ಚಾ ಕುಡದೀದಿ. ನಿನಗ ಗೊತ್ತಾಗಿದ್ದು ಇಷ್ಟ ಏನು? ಆ ಮಾತು ಯಾರಿಗಿ ಹಚ್ಚಿದ್ರೂ ಹೊಂದತೈತಿ.”

ಅವಳು ಹೇಳಿದ್ದು ನಿಜವಾಗಿತ್ತು. ಆ ಸಾಲುಗಳನ್ನು ನಾನು ಪಾಠದ ಕೊನೆಯಲ್ಲಿ ಕೊಟ್ಟಿದ್ದ ಮಾದರಿಯಿಂದ ಇಳಿಸಿದ್ದೆ. ಅಷ್ಟು ಅಳುತ್ತ ಬರೆದದ್ದು ನನ್ನ ಮಾತೇ ಆಗಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಹಾಗಾದರೆ ನೀನೇ ಹೇಳು, ಬರೆದುಕೊಳ್ಳುತ್ತೇನೆ ಎಂದು ಚೀಲದಿಂದ ಕಾಗದ ತೆಗೆದೆ. ಆಯಿ ರಾಟಿ ನಿಲ್ಲಿಸಿದಳು. ಸೊಸೆಯನ್ನು ಕರೆದು ಅಂಗಡಿಯಿಂದ ಬೆಲ್ಲ ತರಲು ಕಳಿಸಿದಳು. ಸೊಸೆ ಓಣಿ ದಾಟಿದ್ದನ್ನು ನೋಡಿಯೇ ಮಾತು ಶುರು ಮಾಡಿದಳು.

“ಬರಕೋಬ್ಯಾಡ. ಕೇಳು ಸಾಕು. ಈ ನನ್ನ ಮಗನಕಿಂತ ಮದಲ ನನಗೊಂದು ಹೆಣ್ಣು ಹುಟ್ಟಿತ್ತು. ಒಂಬತ್ತ ದಿನ ಇತ್ತು. ಭಾಳ ಮಳಿ ಆಗ, ಪಾಸ್ಟರು ಬರೂ ಹಂಗ ಇದ್ದಿದ್ದಿಲ್ಲ. ನಮ್ಮತ್ತಿ ನನ್ನ ಹಳೇ ಸೀರ್ಯಾಗ ಸುತ್ತಿ ಕೊಟ್ಲು. ಬಾಣಂತಿ ಬರಬಾರದು ಅಂದ್ರು. ನನ್ನ ಗಂಡ, ಮಾವ ಇಬ್ಬರ ಹೋಗಿ ಬಂದ್ರು. ಪ್ರಾರ್ಥನಿ ಯಾರು ಮಾಡಿದ್ರು ಅಂತ ಕೇಳಿದ್ನಿ. ದೀಕ್ಷಾಸ್ನಾನ ಆಗಿಲ್ಲ, ಹೆಸರ ಇಟ್ಟಿಲ್ಲ, ಅದಕ್ಕೆಂಥಾ ಪ್ರಾರ್ಥನಿ ಅಂದ್ಲು ಅತ್ತಿ. ಆ ಮಾತು ಮತ್ತ ಎತ್ತಬ್ಯಾಡ ಅಂದ್ರು. ಎತ್ತಲಿಲ್ಲ.”

“ನಿನ್ನ ಮಗನಿಗಿ ಗೊತ್ತೈತೇನು?”

“ಇಲ್ಲ. ಯಾರಿಗೂ ಇಲ್ಲ. ಸ್ಮಶಾನದಾಗ ಮಗ್ಗಲ ಗ್ವಾಡಿ ಕಡೆ ಹೂತೀವಿ ಅಂತ ಅವರಪ್ಪ ಸಾಯೂಕಿಂತ ಮದಲ ನನಗ ಒಬ್ಬಾಕಿಗೆ ತೋರಿಸಿದ್ರು.” ರಾಟಿಗೆ ಮತ್ತೆ ಕೈ ಹಾಕಿ ಹೇಳಿದಳು, “ನಂದಿನ್ನೂ ತಡ ಐತಿ. ನೀ ಆಕಿದು ಮಾಡು.”

ಅರವತ್ತು ವರ್ಷಕ್ಕೂ ಹಿಂದೆ ಹೂತ ಮಗುವಿಗೆ ಈಗ ಆರಾಧನೆ ನಡೆಸಬಹುದೇ? ನನ್ನ ಯಾವ ಪಾಠದಲ್ಲೂ ಅದಿರಲಿಲ್ಲ. ಆಯಿಯನ್ನು ಕೇಳಿಕೊಂಡು ಪಾಸ್ಟರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ, “ನಿಮಗ ಬರೂ ಆರಾಧನೀನ ಮಾಡ್ರಿ. ನಾ ಬಂದು ಹಿಂದ ನಿಂದರತೀನಿ” ಎಂದರು. ಸುಳ್ಳು ಯಾಕೆ ಹೇಳಲಿ, ಫೋನು ಇಟ್ಟ ಮೇಲೆ ನನಗೆ ಆ ಕೊನೆಯ ಪುಟದ ನೆನಪು ಬಂತು. ಬಂದದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಶನಿವಾರ ಬೆಳಿಗ್ಗೆ ಹೋದೆವು. ನಾನು, ಮನೆಯವರು, ಪಾಸ್ಟರು ಮೊದಲೇ ಸ್ಮಶಾನದ ಬಾಗಿಲಲ್ಲಿ ನಿಂತಿದ್ದೆವು. ಆಯಿಯನ್ನು ಮಗ ಬೈಕಿನ ಮೇಲೆ ಕರೆತಂದರು. ತಂದೆಯ ಸಮಾಧಿಯ ಹತ್ತಿರ ಪ್ರಾರ್ಥನೆ ಎಂದಷ್ಟೇ ಅವರಿಗೆ ಗೊತ್ತಿತ್ತು. ನನ್ನನ್ನು ಕಂಡು ಮುಖ ತಿರುಗಿಸಿದರು. ಆಯಿ ಗಂಡನ ಸಮಾಧಿಯನ್ನು ದಾಟಿ ನಡೆದಳು. “ಅವ್ವಾ, ಇಲ್ಲೇ ಐತಲ್ಲ” ಎಂದು ಮಗ ಕೂಗಿದರು. ಅವಳು ನಿಲ್ಲದೆ ಗೋಡೆಯ ಹತ್ತಿರ ಹೋಗಿ, ಹುಲ್ಲು ಬೆಳೆದ ನೆಲದ ಮೇಲೆ ಕೂತುಬಿಟ್ಟಳು. ಅಲ್ಲಿ ಕಲ್ಲಿಲ್ಲ, ಶಿಲುಬೆಯಿಲ್ಲ, ಏನೂ ಇಲ್ಲ.

“ಇಲ್ಲಿ ನಿಮ್ಮಕ್ಕ ಅದಾಳ” ಎಂದಳು.

ಮಗ ಅವಳ ಮುಖವನ್ನೂ ನೆಲವನ್ನೂ ನೋಡಿದರು. ಜ್ವರ ತಲೆಗೇರಿದೆಯೋ ಏನೋ ಎಂದು ಅನುಮಾನಿಸಿ ಅವಳ ಹಣೆ ಮುಟ್ಟಿದರು. ಆಯಿ ಆ ಕೈಯನ್ನು ಹಿಡಿದುಕೊಂಡು ನನಗೆ ಹೇಳಿದಷ್ಟನ್ನೂ ಅವರಿಗೆ ಹೇಳಿದಳು. ಅವರು ಚಪ್ಪಲಿ ಕಳಚಿ ಬಂದು ಅವಳ ಪಕ್ಕದಲ್ಲಿ ನಿಂತರು.

ನಾನು ಶುರು ಮಾಡಿದೆ. ಮಣ್ಣಿನ ಆರಾಧನೆಯಲ್ಲಿ, ತೀರಿಕೊಂಡವರನ್ನು ದೇವರಿಗೆ ಒಪ್ಪಿಸುವ ಕಡೆ, ಅವರ ಹೆಸರು ಹಿಡಿದು ಹೇಳಬೇಕಾಗುತ್ತದೆ. ಅಲ್ಲಿಗೆ ಬಂದು ನಿಂತೆ. ಏನು ಹೇಳಬೇಕೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಆಯಿ ತಲೆ ಎತ್ತಿ ಒಂದು ಹೆಸರು ಹೇಳಿದಳು. ಆ ಒಂಬತ್ತು ದಿನಗಳಲ್ಲಿ ಮೊಲೆ ಕೊಡುವಾಗ ಅವಳೊಬ್ಬಳೇ ಕರೆದ ಹೆಸರಂತೆ. ನಾನು ಅದನ್ನು ಮೂರು ಸಲ ಹೇಳಿದೆ. ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯದು.

ಪ್ರಸಂಗ ಮಾಡಲಿಲ್ಲ. ಮಗುವಿನ ಜೊತೆಯೇ ಮಾತಾಡಿದೆ. “ಒಂಬತ್ತ ದಿನ ಇದ್ದಿ ತಾಯಿ. ನಿಮ್ಮವ್ವ ಭಾಳ ಸಿಟ್ಟಿನಾಕಿ, ಹಟದಾಕಿ. ಆಕಿ ಒಂದ ದಿನಾನೂ ನಿನ್ನ ಬಿಟ್ಟಿಲ್ಲ.” ಸೇವೆ ನಡೆಸುವವರು ಸಮಾಧಿಯ ಬಳಿ ಅಳಬಾರದೆಂದು ನರಗುಂದದ ತರಗತಿಯಲ್ಲಿ ಕಲಿಸಿದ್ದರು. ನಾನು ಅತ್ತೆ. ಹಿಂದೆ ನಿಂತಿದ್ದ ಪಾಸ್ಟರು ಮೂಗು ಸೀಟುವುದೂ ಕೇಳಿಸುತ್ತಿತ್ತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಆಯಿ ಅಳಲಿಲ್ಲ. ಹಾಕಿದ ಮಣ್ಣನ್ನು ಅಂಗೈಯಿಂದ ಸವರಿ ಸಮ ಮಾಡಿದಳು.

ಮುಗಿದ ಮೇಲೆ ಪಾಸ್ಟರು ಚೀಲದಿಂದ ನನ್ನ ಪುಸ್ತಕ ತೆಗೆದರು. ನಾನು ಬೇಡವೆಂದು ಕೈ ಆಡಿಸಿದೆ. ಆಯಿಯ ಮಗ ಅದನ್ನು ಅವರ ಕೈಯಿಂದ ಇಸಿದುಕೊಂಡರು. ಹರಿದು ಹಾಕುತ್ತಾರೆಂದೇ ನಾನು ತಿಳಿದೆ. ಅವರು ಕನ್ನಡಕ ಹಾಕಿಕೊಂಡು ಕೊನೆಯ ಪುಟವನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿದರು.

“ಬಾಯಾರ, ಮ್ಯಾಲಿನ ಪೆನ್ಸಿಲ್ಲಿಂದೆಲ್ಲಾ ಅಳಿಸಿ ನೀವು ಬರೀರಿ. ಇಲ್ಲಿ ಹತ್ತಿರದ ಸಂಬಂಧಿಕರು ಅಂತ ಕೇಳ್ಯಾರ. ಅದನ್ನ ನಾ ಬರೀತೀನಿ. ಪೆನ್ನ ಕೊಡ್ರಿ.”

ಕೊಟ್ಟೆ. ನೆಲದ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ತಾಯಿಯ ಹೆಸರು ಬರೆದರು, ಕೆಳಗೆ ತಮ್ಮ ಹೆಸರು ಬರೆದರು. ಪಕ್ಕದಲ್ಲಿ ಸಂಬಂಧ ಬರೆಯುವ ಜಾಗವಿತ್ತು. ಹುಟ್ಟಿದಾಗಿನಿಂದ ಮನೆಗೆ ಹಿರೇಮಗನಾಗಿ ಬೆಳೆದ ಮನುಷ್ಯ ಅಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಬರೆದಾದ ಮೇಲೆ ತಾಯಿಯ ಕಡೆಗೆ ಬಗ್ಗಿದರು, ಅವಳಿಗೆ ಓದಲು ಬರುವುದಿಲ್ಲವಲ್ಲ.

“ಅವ್ವಾ, ತಮ್ಮ ಅಂತ ಬರದೀನಿ.”

ಆಯಿ ಆಗ ಅತ್ತಳು.